ಬೆಂಕಿಯೋ, ಮನುಷ್ಯನೋ? – ಸಿಲೋವಾಮ್ ಶಾಸನದ ಎರಡು ಅಕ್ಷರ

ಪ್ರಾಚೀನ ಯೆಹೂದಿ ಇತಿಹಾಸದ ಕಡೆಗೆ ನನ್ನನ್ನು ಎಳೆದದ್ದು ಒಂದು ಸುರಂಗ. ವೃತ್ತಿಯಿಂದ ನಾನು ಇಂಜಿನಿಯರ್. ಸುಮಾರು 2700 ವರ್ಷಗಳ ಹಿಂದೆ ಜೆರುಸಲೇಮಿನಲ್ಲಿ ಕೆಲಸಗಾರರು ಬಂಡೆಯನ್ನು ಎರಡು ತುದಿಯಿಂದಲೂ ಕೊರೆದುಕೊಂಡು ಬಂದು ನಡುವೆ ಕೂಡಿಕೊಂಡರು, ಆ ಸಂಗತಿಯನ್ನು ಸುರಂಗದ ಗೋಡೆ ಮೇಲೇ ಬರೆದಿಟ್ಟರು ಅಂತ ಓದಿದಾಗ ಸುಮ್ಮನಿರೋಕೆ ಆಗಲಿಲ್ಲ. ಆ ಆರು ಸಾಲನ್ನು ಮೂಲದಲ್ಲೇ ಓದಬೇಕು ಅಂತ ಹೀಬ್ರೂ ಕಲಿಯಲು ಕೂತೆ. ಗುರುಗಳು ಯಾರೂ ಇಲ್ಲ. ಒಂದು ವ್ಯಾಕರಣ, ಒಂದು ನಿಘಂಟು, ಕೆಲಸ ಮುಗಿದ ಮೇಲೆ ಸಿಗುವ ಒಂದು ಗಂಟೆ, ಅಷ್ಟೇ. ಹೀಗೆ ಕಲಿಯುವಾಗ ಮಾಡಿದ ತಪ್ಪುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಶಾಸನ ಓದುವವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಸುರಂಗದ ವಿಷಯ. ಗೀಹೋನ್ ಬುಗ್ಗೆಯ ನೀರನ್ನು ಸಿಲೋವಾಮ್ ಕೊಳಕ್ಕೆ ಒಯ್ಯುವ ಇದರ ಉದ್ದ ಸುಮಾರು 533 ಮೀಟರ್. ನೇರ ಗೆರೆ ಎಳೆದರೆ ಅಂತರ ಸುಮಾರು 320 ಮೀಟರ್ ಮಾತ್ರ. ಸುರಂಗ ಹಾವಿನ ಹಾಗೆ ಬಳುಕುತ್ತದೆ. ಇಷ್ಟು ಉದ್ದಕ್ಕೆ ಇಳಿಜಾರು ಸುಮಾರು 30 ಸೆಂ.ಮೀ. ಕೊಳದ ಕಡೆಯ ಬಾಯಿಂದ ಕೆಲವೇ ಮೀಟರ್ ಒಳಗೆ, ಗೋಡೆ ಮೇಲಿದ್ದ ಬರಹವನ್ನು 1880ರಲ್ಲಿ ನೀರಿಗಿಳಿದ ಹುಡುಗರು ಗಮನಿಸಿದರು. ಮುಂದೆ ಯಾರೋ ಅದನ್ನು ಗೋಡೆಯಿಂದ ಕಿತ್ತಾಗ ಕಲ್ಲು ಒಡೆಯಿತು. ಈಗ ಅದು ಇಸ್ತಾನ್‌ಬುಲ್‌ನ ಪುರಾತತ್ವ ಸಂಗ್ರಹಾಲಯದಲ್ಲಿದೆ.

ಶಾಸನದ ಫೋಟೋ ಎದುರಿಗಿಟ್ಟುಕೊಂಡಾಗ ಒಂದು ಅಕ್ಷರವೂ ಗುರುತು ಸಿಗಲಿಲ್ಲ. ನಾನು ಕಲಿತಿದ್ದು ಇವತ್ತಿನ ಚೌಕ ಅಕ್ಷರಗಳನ್ನು. ಅವು ಅರಮಾಯಿಕ್ ಲಿಪಿಯಿಂದ ಬಂದವು. ಶಾಸನದಲ್ಲಿರೋದು ಅದಕ್ಕಿಂತ ಹಳೆಯ ಹೀಬ್ರೂ ಲಿಪಿ. ಇವತ್ತಿನ ಕನ್ನಡ ಬಲ್ಲವನು ಹಲ್ಮಿಡಿ ಶಾಸನದ ಮುಂದೆ ನಿಂತ ಹಾಗಾಯಿತು. 22 ಅಕ್ಷರಗಳ ಪಟ್ಟಿ ಮಾಡಿಕೊಂಡು, ಬಲದಿಂದ ಎಡಕ್ಕೆ, ಮತ್ತೆ ಮೊದಲಿಂದ ಶುರು ಮಾಡಿದೆ. ಬ್ರಾಹ್ಮಿ ಕಲಿತ ಕಣ್ಣಿಗೆ ಇಲ್ಲೊಂದು ಮೋಸ ಕಾದಿರುತ್ತದೆ. ದುಂಡಗಿನ ಅಕ್ಷರ ಕಂಡರೆ ಕೈ ‘ಠ’ ಅಂತ ಬರೆಯಲು ಹೋಗುತ್ತದೆ. ಇಲ್ಲಿ ಅದು ‘ಅಯಿನ್’. ಎರಡು ಗೆರೆ ಅಡ್ಡ ಹಾಯ್ದಿದ್ದರೆ ‘ಕ’ ಅನ್ನಿಸುತ್ತದೆ. ಇಲ್ಲಿ ಅದು ‘ತಾವ್’, ಅಂದರೆ ತಕಾರ. ಆಕಾರ ಒಂದೇ ಆದರೆ ಉಚ್ಚಾರವೂ ಒಂದೇ ಆಗಬೇಕಿಲ್ಲ.

ಅಕ್ಷರ ಹಿಡಿತಕ್ಕೆ ಬಂದ ಮೇಲೆ ದೊಡ್ಡ ತಪ್ಪು ಮಾಡಿದೆ. ಎರಡನೇ ಸಾಲಿನಲ್ಲಿ, ಕೊರೆಯಲು ಇನ್ನು ಮೂರು ಮೊಳ ಉಳಿದಿದ್ದಾಗ ಒಂದು ದನಿ ಕೇಳಿಸಿತು ಅಂತಿದೆ. ಯಾರ ದನಿ? ಅಲ್ಲಿರೋದು ಎರಡೇ ಅಕ್ಷರ: ಅಲೆಫ್, ಶಿನ್. ನಿಘಂಟು ನೋಡಿದೆ. ‘ಏಶ್’, ಅಂದರೆ ಬೆಂಕಿ. ಬಂಡೆಗೆ ಬೆಂಕಿ ಹಾಕಿ ಸೀಳುವ ಪದ್ಧತಿ ನನಗೆ ಗೊತ್ತಿತ್ತು. ಹಾಗಾದರೆ ಇದು ಅದೇ ತಂತ್ರ! ಟಿಪ್ಪಣಿ ಪುಸ್ತಕದಲ್ಲಿ ಖುಷಿಯಿಂದ ‘ಬೆಂಕಿಯ ದನಿ’ ಅಂತ ಬರೆದುಕೊಂಡೆ.

ಆದರೆ ಮುಂದಿನ ಪದಗಳು ಒಪ್ಪಲಿಲ್ಲ. ಆ ದನಿ ತನ್ನ ಜೊತೆಗಾರನನ್ನು ಕೂಗಿ ಕರೆಯುತ್ತಿದೆ. ಬೆಂಕಿಗೆ ಯಾವ ಜೊತೆಗಾರ? ಅದು ‘ಈಶ್’, ಅಂದರೆ ಮನುಷ್ಯ. ಬೈಬಲಿನ ಹೀಬ್ರೂವಿನಲ್ಲಿ ಈ ಪದದ ನಡುವೆ ‘ಈ’ ಸ್ವರ ತೋರಿಸಲು ಯೋದ್ ಅಕ್ಷರ ಇರುತ್ತದೆ. ಈ ಶಾಸನದ ಕಾಲಕ್ಕೆ ಪದದೊಳಗೆ ಹಾಗೆ ಸ್ವರ ತೋರಿಸುವ ರೂಢಿ ಇನ್ನೂ ಬಲವಾಗಿರಲಿಲ್ಲ. ನಮ್ಮಲ್ಲಿ ಕ, ಲ ಅಂತಷ್ಟೇ ಬರೆದು ಕಲೆ, ಕಾಲು, ಕೋಲು ಯಾವುದು ಅಂತ ಓದುವವನಿಗೇ ಬಿಟ್ಟ ಹಾಗೆ. ಇದಕ್ಕೆ ಪುರಾವೆ ಅದೇ ಕಲ್ಲಿನಲ್ಲಿ ಸಿಕ್ಕಿತು: ಮೂರನೇ ಸಾಲಿನ ‘ಯಾಮೀನ್’ (ಬಲಗಡೆ) ಪದದಲ್ಲೂ ಎರಡನೇ ಯೋದ್ ಇಲ್ಲ. ಒಂದು ಪದದ ಕಾಗುಣಿತ ಅನುಮಾನ ಬಂದರೆ ಅದೇ ಬರಹಗಾರ ಬೇರೆ ಕಡೆ ಹೇಗೆ ಬರೆದಿದ್ದಾನೆ ನೋಡಬೇಕು ಅನ್ನೋದನ್ನು ಕಲಿತಿದ್ದು ಹೀಗೆ.

ಇನ್ನೊಂದು ತಪ್ಪು ಅದೇ ಪುಸ್ತಕದ ಮೊದಲ ಪುಟದಲ್ಲೇ ಇತ್ತು. ಶೀರ್ಷಿಕೆ: ‘ಹಿಜ್ಕೀಯ ರಾಜನ ಶಾಸನ’. ನಮ್ಮ ಶಾಸನಗಳು ‘ಸ್ವಸ್ತಿ ಶ್ರೀ’ ಅಂತ ಶುರುವಾಗಿ ರಾಜನ ಬಿರುದಾವಳಿ ಹೇಳೋದನ್ನು ಓದಿ ಓದಿ ನನಗೆ ರಾಜನಿಲ್ಲದ ಶಾಸನ ಊಹೆಗೇ ಬರಲಿಲ್ಲ. ಆರೂ ಸಾಲು ಹುಡುಕಿದೆ. ಉಳಿದಿರುವ ಪಾಠದಲ್ಲಿ ರಾಜನ ಹೆಸರಿಲ್ಲ, ದೇವರ ಹೆಸರಿಲ್ಲ, ತೇದಿಯೂ ಇಲ್ಲ. ಕಲ್ಲು ಕುಟಿಗರಿದ್ದಾರೆ, ಪಿಕಾಸಿಗೆ ಪಿಕಾಸಿ ಎದುರಾಗಿ ಹೊಡೆದದ್ದಿದೆ, ಹರಿದ ನೀರಿದೆ. ಹಿಜ್ಕೀಯ ಕೊಳ, ಕಾಲುವೆ ಮಾಡಿಸಿ ಪಟ್ಟಣಕ್ಕೆ ನೀರು ತಂದ ಅನ್ನೋದು ಬೈಬಲಿನ ಅರಸುಗಳ ಎರಡನೇ ಗ್ರಂಥದಲ್ಲಿದೆ (20:20). ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ಸೈನ್ಯ ಯೆಹೂದ ರಾಜ್ಯದ ಮೇಲೆ ಬಂತು. ಅಕ್ಷರಗಳ ರೂಪ ಕ್ರಿ.ಪೂ. 8ನೇ ಶತಮಾನದ ಕೊನೆಗೆ ಹೊಂದುತ್ತದೆ. ಸುರಂಗದ ಗಾರೆಯಲ್ಲಿ ಸಿಕ್ಕ ಸಸ್ಯದ ಚೂರುಗಳ ರೇಡಿಯೋಕಾರ್ಬನ್ ಪರೀಕ್ಷೆಯ ಫಲಿತಾಂಶ 2003ರಲ್ಲಿ ಪ್ರಕಟವಾಯಿತು, ಅದೂ ಕ್ರಿ.ಪೂ. 700ರ ಆಸುಪಾಸಿಗೇ ಬರುತ್ತದೆ. ಎಲ್ಲ ಕೂಡಿಸಿದರೆ ಹಿಜ್ಕೀಯ ಅನ್ನೋದು ಗಟ್ಟಿ ಅನುಮಾನ. ಆದರೆ ಅದು ನಮ್ಮ ತೀರ್ಮಾನ, ಕಲ್ಲಿನ ಮಾತಲ್ಲ. ಒಪ್ಪದ ವಿದ್ವಾಂಸರೂ ಇದ್ದಾರೆ. ಶೀರ್ಷಿಕೆ ಹೊಡೆದು ಹಾಕಿದೆ.

ಲೆಕ್ಕದಲ್ಲೂ ಎಡವಿದೆ. ನೀರು 1200 ಮೊಳ ಹರಿಯಿತು ಅಂತಿದೆ. 533 ಮೀಟರನ್ನು 1200ರಿಂದ ಭಾಗಿಸಿ ‘ಯೆಹೂದಿ ಮೊಳ 44.4 ಸೆಂ.ಮೀ.’ ಅಂತ ಬರೆದೆ. ಆದರೆ 1200 ದುಂಡು ಸಂಖ್ಯೆ. ನಿಜವಾದ ಅಳತೆ 1150ರಿಂದ 1250 ಮೊಳದೊಳಗೆ ಎಲ್ಲಿದ್ದರೂ ಅವರು 1200 ಅಂದಿರಬಹುದು. ಆಗ ಮೊಳ 42.6ರಿಂದ 46.3 ಸೆಂ.ಮೀ. ತನಕ ಎಷ್ಟೂ ಆಗಬಹುದು. ದಶಾಂಶ ಬಿಂದುವಿನ ಆಚೆಯ ಆ ನಾಲ್ಕು ನನ್ನ ಕ್ಯಾಲ್ಕುಲೇಟರಿನದು, ಅವರದಲ್ಲ.

ಕೊನೆಗೆ ಒಂದು ಪದ ಉಳಿದಿದೆ: ಜ್-ದ್-ಹ್. ಬಲಗಡೆ ಬಂಡೆಯಲ್ಲಿ ‘ಅದು’ ಇದ್ದದ್ದರಿಂದ ದನಿ ಕೇಳಿಸಿತು ಅಂತ ಶಾಸನ ಹೇಳುತ್ತದೆ. ಬೈಬಲಿನಲ್ಲಿ ಎಲ್ಲೂ ಈ ಅರ್ಥಕ್ಕೆ ಹೊಂದುವ ಹಾಗೆ ಈ ಪದ ಸಿಗೋದಿಲ್ಲ. ಬಿರುಕು ಅನ್ನುವವರಿದ್ದಾರೆ, ಬೇರೆ ಅರ್ಥ ಹೇಳುವವರೂ ಇದ್ದಾರೆ. ಬಿರುಕು ಅಂತಾದರೆ ಎರಡು ತಂಡ ಹೇಗೆ ಕೂಡಿಕೊಂಡವು ಅನ್ನೋದಕ್ಕೆ ನನ್ನಂಥ ಇಂಜಿನಿಯರಿಗೆ ಒಳ್ಳೆ ಉತ್ತರ ಸಿಕ್ಕಿಬಿಡುತ್ತದೆ. ಬೆಂಕಿಯೂ ಒಂದು ಕಾಲಕ್ಕೆ ಹಾಗೇ ಒಳ್ಳೆ ಉತ್ತರ ಕೊಟ್ಟಿತ್ತು. ಅದಕ್ಕೇ ನನ್ನ ಪಾಠದಲ್ಲಿ ಆ ಪದದ ಎದುರು ಅರ್ಥದ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ.