ಋತುಬಂಧದ ಬಳಿಕ ಹೃದಯದ ಆರೈಕೆ

ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಏರುವವರಲ್ಲಿ ಐವತ್ತು ದಾಟಿದ ತಾಯಂದಿರು ಅನೇಕರು. 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಈ ಸಾವಿರ ಮೆಟ್ಟಿಲುಗಳಲ್ಲಿ, ನಂದಿಯನ್ನು ತಲುಪುವ ಮೊದಲೇ ಏದುಸಿರು ಬಿಡುತ್ತ ಕುಳಿತವರು ‘ವಯಸ್ಸಾಯಿತಲ್ಲ’ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವುದುಂಟು. ಹಲವು ಸಲ ಆ ಮಾತು ನಿಜವೇ. ಆದರೆ ಕಳೆದ ವರ್ಷ ಸಲೀಸಾಗಿ ಏರಿದ ಮೆಟ್ಟಿಲುಗಳೇ ಈ ವರ್ಷ ಉಸಿರು ಕಟ್ಟಿಸಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸರಿಯಲ್ಲ.

ಹೃದಯಾಘಾತ ಗಂಡಸರ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಒಂದಿಷ್ಟು ಕಾರಣವೂ ಇದೆ. ಮುಟ್ಟು ನಿಲ್ಲುವವರೆಗೆ ಅಂಡಾಶಯಗಳು ಸ್ರವಿಸುವ ಈಸ್ಟ್ರೋಜನ್ ರಕ್ತನಾಳಗಳನ್ನು ಮೃದುವಾಗಿಡಲು ನೆರವಾಗುತ್ತದೆ. ಅದು ಕುಗ್ಗಿದಾಗ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಸೊಂಟದ ಸುತ್ತ ಕೊಬ್ಬು ಸೇರುತ್ತದೆ, ರಕ್ತದೊತ್ತಡವೂ ಮೇಲೇರತೊಡಗುತ್ತದೆ. ಇವು ಯಾವುವೂ ನೋಯುವುದಿಲ್ಲ. ಆದುದರಿಂದಲೇ ಗಮನಕ್ಕೆ ಬರುವುದಿಲ್ಲ.

ನಮ್ಮ ಹಳ್ಳಿಗಳ ತಾಯಂದಿರ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅಧಿಕ ರಕ್ತಸ್ರಾವಕ್ಕೆಂದು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರು ಊರೂರಲ್ಲೂ ಇದ್ದಾರೆ. ಅದರೊಡನೆ ಎರಡೂ ಅಂಡಾಶಯಗಳನ್ನು ತೆಗೆದಿದ್ದರೆ ಋತುಬಂಧ ಅಂದೇ ಆದಂತೆ. 40 ವರ್ಷಕ್ಕೆ ಮೊದಲೇ ಹೀಗಾದವರಿಗೆ ಹೃದ್ರೋಗದ ಸಂಭವ ಹೆಚ್ಚು. ಬಸಿರಿನಲ್ಲಿ ರಕ್ತದೊತ್ತಡ ಅಥವಾ ಸಕ್ಕರೆ ಏರಿದ್ದವರಿಗೂ ಈ ಮಾತು ಅನ್ವಯಿಸುತ್ತದೆ. ಹೆರಿಗೆಯಾಗಿ ಮೂವತ್ತು ವರ್ಷ ಕಳೆದಿದ್ದರೂ ವೈದ್ಯರಿಗೆ ಇದನ್ನು ತಿಳಿಸಬೇಕು. ಅವರು ಕೇಳಲಿ ಎಂದು ಕಾಯಬಾರದು.

ಹೃದಯಾಘಾತದಲ್ಲಿ ಎದೆನೋವು ಸ್ತ್ರೀಯರಿಗೂ ಮುಖ್ಯ ಲಕ್ಷಣವೇ. ಜೊತೆಗೆ, ಕೆಲವೊಮ್ಮೆ ಎದೆನೋವಿಲ್ಲದೆಯೂ, ದವಡೆ, ಕುತ್ತಿಗೆ, ಬೆನ್ನುಗಳಲ್ಲಿ ನೋವು, ವಾಕರಿಕೆ, ತಣ್ಣನೆಯ ಬೆವರು, ಕಾರಣವಿಲ್ಲದ ಆಯಾಸ ಕಾಣಿಸಿಕೊಳ್ಳಬಹುದು. ಇದನ್ನು ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗುವುದು ಅಪಾಯ. ಕೂಡಲೇ 108ಕ್ಕೆ ಕರೆ ಮಾಡಬೇಕು. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಮಗ ಊರಿನಿಂದ ಬರಲಿ ಎಂದು ಕಾದರೆ ಅದರ ಪ್ರಯೋಜನ ಕೈತಪ್ಪುತ್ತದೆ.

ಈಸ್ಟ್ರೋಜನ್ ಕಡಿಮೆಯಾಯಿತೆಂದರೆ ಅದನ್ನೇ ಮಾತ್ರೆಯಾಗಿ ಸೇವಿಸಬಾರದೇ ಎಂದು ಕೇಳುವವರಿದ್ದಾರೆ. ಅಮೆರಿಕೆಯಲ್ಲಿ ನಡೆದ ದೊಡ್ಡದೊಂದು ಅಧ್ಯಯನ 2002ರಲ್ಲಿ ಈ ನಿರೀಕ್ಷೆಯನ್ನು ಸುಳ್ಳಾಗಿಸಿತು. ಮೈ ಬಿಸಿಯೇರುವಿಕೆಯಂತಹ ತೊಂದರೆಗೆ ಹಾರ್ಮೋನನ್ನು ವೈದ್ಯರು ಕೊಡಬಹುದು. ಹೃದಯರಕ್ಷಣೆಗೆಂದು ಅದನ್ನು ಕೊಡುವ ಪದ್ಧತಿಯಿಲ್ಲ.

ಉಳಿದದ್ದು ದಿನನಿತ್ಯದ ಸಂಗತಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಚಮಚಕ್ಕೆ ಮೀರದ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಈ ಲೆಕ್ಕದೊಳಗೇ ಬರುತ್ತವೆ ಎಂಬುದನ್ನು ನಾವು ಮರೆಯುತ್ತೇವೆ. ಸೊಂಟದ ಸುತ್ತಳತೆ 80 ಸೆಂಟಿಮೀಟರಿನೊಳಗಿರಲಿ. ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳಬೇಕು. ವಾರದಲ್ಲಿ 150 ನಿಮಿಷ ಚುರುಕಾದ ನಡಿಗೆ ಸಾಕು. ಮನೆಗೆಲಸದಲ್ಲೇ ಇದೆಲ್ಲ ಆಗಿಹೋಗುತ್ತದೆ ಎನ್ನುವವರಿಗೆ ನಮ್ಮ ಉತ್ತರ: ನಿಂತು ಮಾಡುವ ಕೆಲಸ ನಡಿಗೆಯಲ್ಲ.

ವರ್ಷವೆಲ್ಲ ಕುಳಿತಿದ್ದು ಆಷಾಢದ ಒಂದು ದಿನ ಸಾವಿರ ಮೆಟ್ಟಿಲು ಏರುವುದು ಬೇಡ. ಎರಡು ತಿಂಗಳ ಮುಂಚೆ ಸಮತಟ್ಟಾದ ದಾರಿಯಲ್ಲಿ ನಡೆಯತೊಡಗಿ, ಬಳಿಕ ನೂರು, ಇನ್ನೂರು ಮೆಟ್ಟಿಲುಗಳ ಅಭ್ಯಾಸ ಮಾಡಿಕೊಳ್ಳಬೇಕು. ಏರುವಾಗ ಎದೆ ಬಿಗಿದು, ಕುಳಿತೊಡನೆ ಸಡಿಲಾಗುವುದಾದರೆ ಮುಂದೆ ಹತ್ತದೆ, ಜೊತೆಯವರಿಗೆ ತಿಳಿಸಿ, ಅಂದೇ ವೈದ್ಯರನ್ನು ಕಾಣತಕ್ಕದ್ದು.