ಅಜ್ಜಿಯ ಟ್ರಂಕು, ನನ್ನ ಶೆಲ್ಫು

ಕಳೆದ ದಸರಾಗೆ ಮುಂಚೆ ಅಜ್ಜಿ ಮೈಸೂರಿನಿಂದ ನಮ್ಮ ಮನೆಗೆ ಬಂದಿದ್ದರು. ಮದುವೆಯಾದ ಮೇಲೆ ಬೆಂಗಳೂರಲ್ಲಿ ನಾವು ಹಿಡಿದ ಬಾಡಿಗೆ ಮನೆ ನೋಡೋದು ಒಂದು ನೆಪ. ನಿಜವಾದ ವಿಷಯ ಬೇರೆ. 1965ರಲ್ಲಿ ತಮ್ಮ ಮದುವೆಗೆ ಕೊಟ್ಟಿದ್ದ ಪಟ್ಟದ ಗೊಂಬೆಗಳನ್ನು ನನಗೆ ಕೊಡಬೇಕು ಅನ್ನೋದು ಅವರ ಆಸೆ. ಆದರೆ ಹಾಲ್‌ನಲ್ಲಿದ್ದ ನನ್ನ ಶೆಲ್ಫ್ ನೋಡಿದ್ದೇ ತಡ, ಮನಸ್ಸು ಬದಲಾಯಿಸಿಬಿಟ್ಟರು.

ಮೊದಲ ಸಂಬಳದಿಂದ ಶುರುವಾದ ಸಂಗ್ರಹ ಅದು. ಪ್ಯಾಕ್ ಬಿಚ್ಚದ ಪುಟಾಣಿ ಕಾರುಗಳು, ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ ಕಟ್ಟಿದ ರಾಕೆಟ್, ಚನ್ನಪಟ್ಟಣದ ಮರದ ಗೊಂಬೆಗಳು. ಅಜ್ಜಿ ಒಂದು ಹಳದಿ ಗೊಂಬೆ ಎತ್ತಿ ತಿರುಗಿಸಿದರು. ಗೋಡೆ ಕಡೆಗಿದ್ದ ಬೆನ್ನು ಅಪ್ಪಟ ಅರಿಶಿನ. ಕಿಟಕಿ ಕಡೆಗಿದ್ದ ಮುಖ ಬೆಣ್ಣೆ ಬಣ್ಣ.

‘ಇದು ತಂದು ಎಷ್ಟು ವರ್ಷ ಆಯ್ತೇ?’

‘ಒಂದೂವರೆ, ಅಜ್ಜಿ.’

‘ನನ್ನ ರಾಜ-ರಾಣಿಗೆ ಅರವತ್ತು. ಇಲ್ಲಿ ಇಡೋದಾದ್ರೆ ಕೊಡಲ್ಲ ಕಣೇ.’

ನನಗೋ ಆಶ್ಚರ್ಯ. ಕಿಟಕಿಗೆ ಗಾಜಿದೆ, ಗೊಂಬೆಗಳಿಗೆ ಅಕ್ರಿಲಿಕ್ ಡಬ್ಬಿ ಇದೆ. ಮತ್ತೆ ತಪ್ಪಾಗಿದ್ದೆಲ್ಲಿ?

ಓದಿದಾಗ ಗೊತ್ತಾಯ್ತು. ಸಾಮಾನ್ಯ ಕಿಟಕಿ ಗಾಜು ಚರ್ಮ ಸುಡುವ ಯುವಿ-ಬಿ ಕಿರಣಗಳನ್ನು ಬಹುಪಾಲು ತಡೆಯುತ್ತೆ. ಆದರೆ ಯುವಿ-ಎ ಹೆಚ್ಚುಕಮ್ಮಿ ಆರಾಮಾಗಿ ಒಳಗೆ ಬರುತ್ತೆ. ಅದರ ಜೊತೆ ಕಣ್ಣಿಗೆ ಕಾಣುವ ಬೆಳಕು ಕೂಡ ಬಣ್ಣದ ಅಣುಗಳನ್ನು ಒಡೆಯುತ್ತೆ. ಸಸ್ಯಮೂಲದ ಬಣ್ಣಗಳಲ್ಲಿ ಅರಿಶಿನ ತುಂಬಾ ಸೂಕ್ಷ್ಮ. ಬಿಳಿ ಅಂಗಿಗೆ ಸಾಂಬಾರ್ ಕಲೆಯಾದರೆ ಅಮ್ಮ ಒಗೆದು ಬಿಸಿಲಿಗೆ ಹಾಕುತ್ತಿದ್ದರಲ್ಲ, ಸಂಜೆಗೆ ಕಲೆ ಮಾಯ. ನನ್ನ ಗೊಂಬೆಗೂ ಆಗಿದ್ದು ಅದೇ.

ಪ್ಲಾಸ್ಟಿಕ್ಕಿನ ಕಥೆ ಉಲ್ಟಾ. ಲೆಗೋದಂಥ ಆಟಿಕೆಗಳ ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೆ ಹಳದಿ ತಿರುಗುತ್ತೆ, ಕ್ರಮೇಣ ಪೆಡಸಾಗುತ್ತೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಳಿ ಮಾಡೋರಿದ್ದಾರೆ, ಆದರೆ ಹಳದಿ ಮತ್ತೆ ಬರಬಹುದು. ಮರದ ಗೊಂಬೆಗಂತೂ ಆ ಪ್ರಯೋಗ ಬೇಡವೇ ಬೇಡ. ಹೋದ ಬಣ್ಣ ವಾಪಸ್ ಬರಲ್ಲ, ಇಲ್ಲಿ ‘ಅಂಡೂ’ ಬಟನ್ ಇಲ್ಲ.

ಅಜ್ಜಿಯ ಗೊಂಬೆ ಹೇಗೆ ಉಳಿಯಿತು? ವರ್ಷವಿಡೀ ಅವು ಹಳೇ ಪಂಚೆ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿರುತ್ತವೆ. ದಸರಾದ ಹತ್ತು ದಿನ ಮಾತ್ರ ಹೊರಗೆ. 60 ವರ್ಷಕ್ಕೆ 600 ದಿನ, ಅದೂ ಟ್ಯೂಬ್‌ಲೈಟಿನಲ್ಲಿ. ಹಾಲ್‌ನ ಬೆಳಕು ಸುಮಾರು 100 ಲಕ್ಸ್ ಅಂದುಕೊಳ್ಳಿ. ನೇರ ಬಿಸಿಲು 50,000 ಲಕ್ಸನ್ನು ಸುಲಭವಾಗಿ ದಾಟುತ್ತೆ. ಅಂದರೆ ಒಂದು ಗಂಟೆಯ ಬಿಸಿಲಿನಲ್ಲಿ 500 ಗಂಟೆಯ ಹಾಲ್ ಬೆಳಕು! ಹಾನಿ ಅಂದರೆ ಬೆಳಕು ಗುಣಿಸು ಸಮಯ. ಮ್ಯೂಸಿಯಂಗಳಲ್ಲಿ ಸೂಕ್ಷ್ಮ ವಸ್ತುಗಳಿಗೆ 50 ಲಕ್ಸ್ ಇಟ್ಟು, ಪ್ರದರ್ಶನದ ದಿನಗಳನ್ನೂ ಮಿತಿಗೊಳಿಸೋದು ಇದಕ್ಕೇ. ಅಜ್ಜಿಗೆ ಲಕ್ಸ್ ಗೊತ್ತಿಲ್ಲ, ಲೆಕ್ಕ ಮಾತ್ರ ಸರಿಯಾಗಿದೆ.

ಆಮೇಲೆ ನಾನು ಮಾಡಿದ್ದಿಷ್ಟು:

• ಪಶ್ಚಿಮದ ಕಿಟಕಿಗೆ ಎದುರಿದ್ದ ಶೆಲ್ಫನ್ನು ಕಿಟಕಿ ಇರುವ ಗೋಡೆಗೇ ಒರಗಿಸಿದೆ. ಖರ್ಚು ಸೊನ್ನೆ, ಲಾಭ ಎಲ್ಲಕ್ಕಿಂತ ಜಾಸ್ತಿ. ದಕ್ಷಿಣದ ಕಿಟಕಿ ಇದ್ದವರು ಡಿಸೆಂಬರ್‌ನಲ್ಲಿ ಇನ್ನೊಮ್ಮೆ ನೋಡಿ, ಆಗ ಸೂರ್ಯ ತಗ್ಗಿ ಬಿಸಿಲು ಒಳಗಿನವರೆಗೂ ಬರುತ್ತೆ.

• ಗಾಜಿಗೆ ಯುವಿ ಫಿಲ್ಮ್ ಹಾಕಿಸಿದೆ, ಜೊತೆಗೆ ದಪ್ಪ ಪರದೆ. ಫಿಲ್ಮ್ ಒಂದನ್ನೇ ನಂಬಬೇಡಿ, ಕಾಣುವ ಬೆಳಕನ್ನು ಅದು ತಡೆಯಲ್ಲ.

• ಶೆಲ್ಫಿನ ಹ್ಯಾಲೊಜನ್ ತೆಗೆದು ಎಲ್‌ಇಡಿ ಹಾಕಿದೆ. ಅದರಲ್ಲಿ ಯುವಿ ಇಲ್ಲ ಅನ್ನುವಷ್ಟು ಕಡಿಮೆ. ಅತಿಥಿಗಳು ಬಂದಾಗ ಮಾತ್ರ ಹಚ್ಚೋದು.

• ಐದೇ ಗೊಂಬೆ ಹೊರಗೆ, ಉಳಿದವು ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯೊಳಗೆ. ಮೂರು ತಿಂಗಳಿಗೊಮ್ಮೆ ಡ್ಯೂಟಿ ಬದಲು. ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ.

• ಕಾರಿನ ಡ್ಯಾಶ್‌ಬೋರ್ಡ್ ಮೇಲಿದ್ದ ಚನ್ನಪಟ್ಟಣದ ಆನೆ ಮನೆಗೆ ಬಂತು. ಅದರ ಹೊಳಪು ಅರಗಿನದು. ಅರಗನ್ನು ಬಿಸಿಯಿಂದ ಮೆತ್ತಗೆ ಮಾಡಿಯೇ ಮರಕ್ಕೆ ಹಿಡಿಸೋದು, ಹಾಗಾಗಿ ಸುಡುವ ಕಾರಿನೊಳಗೆ ಅದಕ್ಕೆ ಕ್ಷೇಮವಿಲ್ಲ.

ನಿಮ್ಮ ಮನೆಯ ಜಾಗ ಸುರಕ್ಷಿತವೇ ಅಂತ ತಿಳಿಯಲು ಸುಲಭದ ಟೆಸ್ಟ್ ಇದೆ. ಗಾಢ ಗುಲಾಬಿ ಬಣ್ಣದ ಅಗ್ಗದ ಕ್ರಾಫ್ಟ್ ಪೇಪರ್ ತಗೊಂಡು ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಶೆಲ್ಫಿನಲ್ಲಿಡಿ. ತಿಂಗಳಾದ ಮೇಲೆ ಬಿಚ್ಚಿ. ಹಳೇ ಜಾಗದಲ್ಲಿ ನನಗೆ ಎರಡು ಬಣ್ಣದ ನಡುವೆ ಗೆರೆ ಎಳೆದ ಹಾಗೆ ಕಂಡಿತ್ತು. ಹೊಸ ಜಾಗದಲ್ಲಿ ಎಷ್ಟು ಹುಡುಕಿದರೂ ಗೆರೆ ಸಿಗಲಿಲ್ಲ.

ಎರಡರ ಫೋಟೋನೂ ಅಜ್ಜಿಗೆ ವಾಟ್ಸಾಪ್ ಮಾಡಿ, ‘ಈಗ ಕೊಡ್ತೀಯಾ?’ ಅಂದೆ.

ಸ್ವಲ್ಪ ಹೊತ್ತಿಗೆ ವಾಯ್ಸ್ ಮೆಸೇಜ್ ಬಂತು. ‘ಬೇಸಿಗೆ ಕಳೀಲಿ, ಆಮೇಲೂ ಹಿಂಗೇ ಇದ್ರೆ ದಸರಾಗೆ ಬಂದು ತಗೊಂಡು ಹೋಗು. ಟ್ರಂಕೂ ನಿಂಗೇ.’

ಕಾಗದ ಇನ್ನೂ ಶೆಲ್ಫಿನಲ್ಲೇ ಇದೆ.