ಲಾರಿ ಬಲ ಇದ್ದರೆ ಸಾಕೇ? ಟ್ರೇಲರ್ ಕೊಳ್ಳುವ ಮುಂಚೆ ಅಂಕಿ ಓದಿ

ಮೈಸೂರು ರಸ್ತೆಯ ಬದಿಯಲ್ಲಿ ನಿಂತು ನೋಡಿ. ಕೆಂಗೇರಿ ದಾಟಿ ಕುಂಬಳಗೋಡು, ಬಿಡದಿ ಕಡೆಗೆ ಎಷ್ಟೊಂದು ಲಾರಿ ಹೋಗುತ್ತವೆ! ಕೆಲವು ಲಾರಿಗಳ ಹಿಂದೆ ಇನ್ನೊಂದು ಗಾಡಿ ಇರುತ್ತದೆ. ಅದಕ್ಕೆ ಎಂಜಿನ್ ಇಲ್ಲ. ತಾನಾಗಿ ಓಡುವುದಿಲ್ಲ. ಮುಂದಿನ ಗಾಡಿ ಎಳೆದರೆ ಮಾತ್ರ ಹೋಗುತ್ತದೆ. ಇದೇ ಟ್ರೇಲರ್.

2021ರಲ್ಲಿ ಕೆಂಗೇರಿಗೆ ಮೆಟ್ರೋ ರೈಲು ಬಂತು. ಅದಕ್ಕೂ ಮುಂಚೆ ವರ್ಷಗಟ್ಟಲೆ ಕೆಲಸ ನಡೆಯಿತು. ದೊಡ್ಡ ದೊಡ್ಡ ಯಂತ್ರಗಳು ಟ್ರೇಲರ್ ಮೇಲೆ ಬಂದವು. ಅದನ್ನು ನೀವೂ ನೋಡಿರಬಹುದು.

"ಇದು ಗಂಡಸರ ವಿಷಯ, ನಮಗ್ಯಾಕೆ?" ಅಂತೀರಾ? ಸ್ವಲ್ಪ ತಾಳಿ. ಹಳೇ ಲಾರಿ, ಟ್ರೇಲರ್ ಕೊಳ್ಳಲು ದುಡ್ಡು ಬೇಕು. ಆಗ ಅಡವು ಹೋಗುವುದು ಯಾರ ಒಡವೆ? ಸಾಲಕ್ಕೆ ಜಾಮೀನು ಹಾಕಲು ಯಾರನ್ನು ಕರೆಯುತ್ತಾರೆ? ಹೆಂಡತಿಯನ್ನು, ಇಲ್ಲಾ ತಾಯಿಯನ್ನು. ಸಾಲ ತಗೊಂಡವರು ಕಟ್ಟದಿದ್ದರೆ ಜಾಮೀನು ಹಾಕಿದವರೇ ಕಟ್ಟಬೇಕು. ಕಾನೂನು ಹಾಗೇ ಹೇಳುತ್ತದೆ. ಆದ್ದರಿಂದ ಈ ವಿಷಯ ನಮಗೂ ಗೊತ್ತಿರಬೇಕು.

ಮಿಲಿಟರಿ ಲಾರಿ

ಸೈನ್ಯದಲ್ಲಿ ಬಳಸಿ ಹಳೆಯದಾದ ಲಾರಿಗಳನ್ನು ಹರಾಜು ಹಾಕುತ್ತಾರೆ. ಜನ ಇದನ್ನು 'ಡಿಸ್ಪೋಸಲ್ ಗಾಡಿ' ಅನ್ನುತ್ತಾರೆ. ಇವುಗಳಲ್ಲಿ ಹೆಸರಾದದ್ದು ಶಕ್ತಿಮಾನ್. ಜರ್ಮನಿಯ ಮಾನ್ ಕಂಪನಿಯಿಂದ ಪರವಾನಗಿ ಪಡೆದು ಜಬಲ್‌ಪುರದಲ್ಲಿ ಇದನ್ನು ತಯಾರು ಮಾಡಿದರು. 1959ರಲ್ಲಿ ಶುರುವಾಯಿತು. 1996ರಲ್ಲಿ ನಿಂತಿತು.

ಈ ಲಾರಿಯ ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಸಿಗುತ್ತದೆ. ಕೆಸರು, ಮರಳು, ಗುಡ್ಡ ಯಾವುದಕ್ಕೂ ಹೆದರುವುದಿಲ್ಲ. ಅದಕ್ಕೇ ಜನ "ಇದು ಏನು ಬೇಕಾದರೂ ಎಳೆಯುತ್ತೆ" ಅಂತಾರೆ. ತಪ್ಪು ಆಗುವುದು ಇಲ್ಲೇ. ಸೈನ್ಯದ ಲೆಕ್ಕದಲ್ಲಿ ಶಕ್ತಿಮಾನ್ ಹೊರುವ ಭಾರ ಒಳ್ಳೆ ರಸ್ತೆಯಲ್ಲಿ 5 ಟನ್. ದಾರಿ ಇಲ್ಲದ ಕಡೆ 3 ಟನ್ ಮಾತ್ರ. ಕೆಸರಿನಿಂದ ಮೇಲೆ ಬರುವ ಬಲ ಬೇರೆ. ಭಾರವಾದ ಟ್ರೇಲರ್ ಕಟ್ಟಿಕೊಂಡು ಇಳಿಜಾರಿನಲ್ಲಿ ನಿಲ್ಲುವ ಬಲ ಬೇರೆ.

ತೂಕದ ಲೆಕ್ಕ

1 ಟನ್ ಅಂದರೆ 1000 ಕಿಲೋ. 50 ಕಿಲೋ ತೂಕದ ಸಿಮೆಂಟ್ ಚೀಲ 20 ಸೇರಿದರೆ 1 ಟನ್.

ಲಾರಿ ಮತ್ತು ಟ್ರೇಲರ್ ಬದಿಯಲ್ಲಿ ತೂಕ ಬರೆದಿರುತ್ತಾರೆ. ಆರ್.ಸಿ. ಕಾಗದದಲ್ಲೂ ಇರುತ್ತದೆ. ಇಂಗ್ಲಿಷ್ ಅಕ್ಷರ ಬಾರದಿದ್ದರೂ ಚಿಂತೆ ಇಲ್ಲ. ಅಂಕಿ ಓದಲು ನಿಮಗೆ ಬರುತ್ತದೆ. ಒಂದು ಅಂಕಿ ಖಾಲಿ ಗಾಡಿಯ ತೂಕ. ಅದಕ್ಕಿಂತ ದೊಡ್ಡದು ಹೊರೆ ಸೇರಿದ ತೂಕ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ. ಉಳಿದದ್ದೇ ಆ ಗಾಡಿ ಹೊರಬಹುದಾದ ಭಾರ.

ಒಂದು ಲೆಕ್ಕ ಮಾಡೋಣ. ಟ್ರೇಲರ್ ಮೇಲೆ 3000 ಮತ್ತು 9000 ಅಂತ ಬರೆದಿದೆ ಅಂತ ಇಟ್ಟುಕೊಳ್ಳಿ. 9000ದಲ್ಲಿ 3000 ಹೋದರೆ 6000. ಅಂದರೆ 6 ಟನ್ ಹೊರಬಹುದು. ನಮ್ಮ ಜನ 'ಹಿಟಾಚಿ' ಅನ್ನುವ ಮಣ್ಣು ಅಗೆಯುವ ಯಂತ್ರ ಇದೆಯಲ್ಲ, ಅದರಲ್ಲಿ ಒಂದು ಚಿಕ್ಕ ಬಗೆಯದು ಸುಮಾರು 7 ಟನ್. ಈ ಟ್ರೇಲರ್‌ಗೆ ಅದು ಜಾಸ್ತಿ ಆಯ್ತು. ದೊಡ್ಡ ಹಿಟಾಚಿ ಸುಮಾರು 20 ಟನ್. ಅದು ಇಂಥ ಲಾರಿಯ ಕೆಲಸವೇ ಅಲ್ಲ.

ಇನ್ನೊಂದು ಮಾತು. ಲಾರಿ ಎಳೆಯುವುದು ಯಂತ್ರವನ್ನು ಮಾತ್ರ ಅಲ್ಲ. ಟ್ರೇಲರ್‌ನ ತೂಕವೂ ಸೇರುತ್ತದೆ. 7 ಟನ್ ಯಂತ್ರ, 3 ಟನ್ ಟ್ರೇಲರ್, ಒಟ್ಟು 10 ಟನ್. ಅಷ್ಟು ಎಳೆಯಲು ಆ ಲಾರಿಗೆ ಒಪ್ಪಿಗೆ ಇದೆಯೇ? ಇದನ್ನು ಮೊದಲು ಕೇಳಬೇಕು.

ಚಕ್ರ ಎಷ್ಟು?

ಭಾರ ಹೆಚ್ಚಾದಷ್ಟೂ ಚಕ್ರ ಹೆಚ್ಚು ಬೇಕು. ಧರ್ಮಸ್ಥಳದ ಬಾಹುಬಲಿ ವಿಗ್ರಹ ನಿಮಗೆ ಗೊತ್ತು. 39 ಅಡಿ ಎತ್ತರ. ರೆಂಜಾಳ ಗೋಪಾಲ ಶೆಣೈ ಅವರು ಅದನ್ನು ಕಾರ್ಕಳದಲ್ಲಿ ಕೆತ್ತಿದರು. ತೂಕ ಸುಮಾರು 170 ಟನ್. 1973ರಲ್ಲಿ ಅದನ್ನು 64 ಚಕ್ರದ ಗಾಡಿಯ ಮೇಲೆ ಧರ್ಮಸ್ಥಳಕ್ಕೆ ಸಾಗಿಸಿದರು. ಅಷ್ಟು ಚಕ್ರ ಯಾಕೆ? 170 ಟನ್ ಅನ್ನು 64 ಚಕ್ರಕ್ಕೆ ಹಂಚಿದರೆ, ಒಂದೊಂದು ಚಕ್ರದ ಮೇಲೆ ವಿಗ್ರಹದ ಭಾರ 3 ಟನ್ನಿಗೂ ಕಡಿಮೆ. ಹತ್ತು ಜನ ಸೇರಿ ಹೊತ್ತ ಹಾಗೆ.

ನಮ್ಮ ಲಾರಿಗೂ ಇದೇ ನ್ಯಾಯ. 2018ರ ಸರ್ಕಾರದ ಆದೇಶದಂತೆ, ನಾಲ್ಕು ಟೈರಿನ ಒಂದು ಅಚ್ಚಿನ ಮೇಲೆ ಹೆಚ್ಚೆಂದರೆ ಹನ್ನೊಂದೂವರೆ ಟನ್ ಇರಬಹುದು. ಇದು ರಸ್ತೆಗೆ ಹಾಕಿದ ಮಿತಿ. ಟ್ರೇಲರ್ ಮೇಲೆ ಬರೆದ ಅಂಕಿ ಇದಕ್ಕಿಂತ ಕಡಿಮೆ ಇದ್ದರೆ ಆ ಕಡಿಮೆ ಅಂಕಿಯೇ ನಮ್ಮ ಮಿತಿ.

ಯಾವ ಟ್ರೇಲರ್?

ಕೆಲವು ಟ್ರೇಲರ್‌ಗಳಿಗೆ ಮುಂದೆಯೂ ಹಿಂದೆಯೂ ಚಕ್ರ ಇರುತ್ತದೆ. ಲಾರಿ ಬರೀ ಎಳೆದರೆ ಸಾಕು. ಇನ್ನು ಕೆಲವಕ್ಕೆ ಹಿಂದೆ ಮಾತ್ರ ಚಕ್ರ. ಮುಂಭಾಗ ಲಾರಿಯ ಬೆನ್ನ ಮೇಲೆ ಕೂರುತ್ತದೆ. ಇದಕ್ಕೆ ಲಾರಿಯ ಮೇಲೆ ತಿರುಗುವ ತಟ್ಟೆ ಬೇಕು. ಸಾಮಾನು ತುಂಬುವ ಮಿಲಿಟರಿ ಲಾರಿಗೆ ಅದು ಇರುವುದಿಲ್ಲ. ಹಾಕಿಸಬೇಕಾದರೆ ಆರ್‌ಟಿಒ ಒಪ್ಪಿಗೆ ಬೇಕು.

ಯಂತ್ರ ಸಾಗಿಸಲು ತಗ್ಗಾದ ಟ್ರೇಲರ್ ಒಳ್ಳೆಯದು. ಹಲಗೆ ನೆಲಕ್ಕೆ ಹತ್ತಿರ ಇದ್ದರೆ ಯಂತ್ರ ಹತ್ತಿಸುವುದು ಸುಲಭ. ತಿರುವಿನಲ್ಲಿ ಮಗುಚುವ ಭಯ ಕಡಿಮೆ. ಕರೆಂಟ್ ತಂತಿಗೆ, ಸೇತುವೆಗೆ ತಗುಲುವ ಅಪಾಯವೂ ಕಡಿಮೆ.

ಮಿಲಿಟರಿ ಲಾರಿ ನೆಲದಿಂದ ಎತ್ತರ. ಅದರ ಹಿಂದಿನ ಕೊಕ್ಕೆಯೂ ಎತ್ತರದಲ್ಲಿ ಇರುತ್ತದೆ. ಟ್ರೇಲರ್ ಬಳೆ ಅದೇ ಎತ್ತರಕ್ಕೆ ಬರಬೇಕು. ಇಲ್ಲದಿದ್ದರೆ ಟ್ರೇಲರ್ ಮೂತಿ ಮೇಲಕ್ಕೆ ಎದ್ದು, ಭಾರವೆಲ್ಲ ಹಿಂದಕ್ಕೆ ಜರುಗುತ್ತದೆ. ದೀಪವನ್ನೂ ನೋಡಿ. ದೊಡ್ಡ ಲಾರಿಗಳ ದೀಪ 24 ವೋಲ್ಟಿನದು. ಟ್ರ್ಯಾಕ್ಟರ್ ಟ್ರೇಲರ್ ದೀಪ 12 ವೋಲ್ಟಿನದು. ನೋಡದೆ ಜೋಡಿಸಿದರೆ ಬಲ್ಬು ಸುಟ್ಟುಹೋಗುತ್ತದೆ. ರಾತ್ರಿ ಹಿಂದೆ ಬರುವವರಿಗೆ ಟ್ರೇಲರ್ ಕಾಣುವುದೇ ಇಲ್ಲ.

ಎಳೆದರೆ ಸಾಲದು, ನಿಲ್ಲಬೇಕು

ಇದೇ ಮುಖ್ಯ ವಿಷಯ. 5 ಟನ್ ತೂಕದ ಖಾಲಿ ಲಾರಿಯ ಹಿಂದೆ 10 ಟನ್ ಇದೆ ಅಂತ ಇಟ್ಟುಕೊಳ್ಳಿ. ಏರಿನಲ್ಲಿ ಲಾರಿ ಟ್ರೇಲರನ್ನು ಎಳೆಯುತ್ತದೆ. ಇಳಿಜಾರಿನಲ್ಲಿ ಟ್ರೇಲರ್ ಲಾರಿಯನ್ನು ನೂಕುತ್ತದೆ. ಟ್ರೇಲರ್‌ಗೆ ಬ್ರೇಕ್ ಇಲ್ಲದಿದ್ದರೆ ಎಲ್ಲಾ ಭಾರ ಲಾರಿಯ ಬ್ರೇಕ್ ಮೇಲೆ ಬೀಳುತ್ತದೆ. ಬ್ರೇಕ್ ಕಾಯುತ್ತದೆ. ಕಾದರೆ ಹಿಡಿತ ಹೋಗುತ್ತದೆ. ತಿರುವಿನಲ್ಲಿ ಟ್ರೇಲರ್ ಪಕ್ಕಕ್ಕೆ ನುಗ್ಗಿ ಲಾರಿಯನ್ನೇ ಮಡಚಿಹಾಕಬಹುದು. ಮುಂದೆ ಬಸ್ ಸ್ಟಾಪು ಇರಬಹುದು, ಶಾಲೆ ಮಕ್ಕಳು ಇರಬಹುದು.

ಆದ್ದರಿಂದ ಟ್ರೇಲರ್‌ಗೆ ಅದರದೇ ಬ್ರೇಕ್ ಇರಬೇಕು. ಚಾಲಕ ಒಂದೇ ಪೆಡಲ್ ತುಳಿದರೆ ಎರಡೂ ನಿಲ್ಲಬೇಕು. ಗಾಳಿ ಬ್ರೇಕ್ ಆದರೆ, ಕೊಂಡಿ ಕಳಚಿ ಪೈಪ್ ಕಿತ್ತರೂ ಟ್ರೇಲರ್ ತಾನೇ ನಿಲ್ಲುವಂತೆ ಇರಬೇಕು. ಕೊಕ್ಕೆಯ ಜೊತೆಗೆ ಗಟ್ಟಿ ಸರಪಳಿಯೂ ಬೇಕು.

ಮುಂಭಾರ, ಹಿಂಭಾರ

ಎತ್ತಿನಗಾಡಿಗೆ ಹುಲ್ಲು ಹೇರಿದವರಿಗೆ ಇದು ಹೊಸದಲ್ಲ. ಮುಂಭಾರ ಆದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರ ಆದರೆ ನೊಗ ಮೇಲಕ್ಕೆ ಏಳುತ್ತದೆ. ನಡುವೆ ಚಕ್ರ ಇರುವ ಟ್ರೇಲರ್‌ಗೂ ಹಾಗೆಯೇ. ಹಿಂಭಾರ ಆದರೆ ಓಡುವಾಗ ಹಾವಿನಂತೆ ಅತ್ತಿತ್ತ ಆಡುತ್ತದೆ. ಭಾರ ಸ್ವಲ್ಪ ಮುಂದಕ್ಕೆ ಇರಲಿ. ಹತ್ತರಲ್ಲಿ ಒಂದು ಪಾಲು ಕೊಕ್ಕೆಯ ಮೇಲೆ ಬಿದ್ದರೆ ಸರಿ. ಯಂತ್ರವನ್ನು ನಾಲ್ಕು ಮೂಲೆಗೂ ಸರಪಳಿಯಿಂದ ಬಿಗಿಯಬೇಕು. ಹಗ್ಗ ಸಾಲದು.

ಕಾಗದ ಪತ್ರ

ಹರಾಜಿನ ಕಾಗದದಲ್ಲಿ 'ಗುಜರಿ' ಅಂತ ಬರೆದಿದೆಯೇ? ಹಾಗಿದ್ದರೆ ಅದನ್ನು ರಸ್ತೆಗೆ ಇಳಿಸಲು ಕೊಟ್ಟದ್ದಲ್ಲ, ಒಡೆದು ಮಾರಲು ಕೊಟ್ಟದ್ದು. ದುಡ್ಡು ಕೊಡುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಟ್ರೇಲರ್‌ಗೂ ಬೇರೆ ನೋಂದಣಿ, ಬೇರೆ ವಿಮೆ ಬೇಕು. ಲಾರಿಗೆ ವಿಮೆ ಇದೆ ಅಂದರೆ ಟ್ರೇಲರ್‌ಗೂ ಇದೆ ಅಂತ ಅಲ್ಲ.

ಮಿತಿ ಮೀರಿ ಹೇರಿದರೆ ದಂಡ ದೊಡ್ಡದು. 2019ರ ತಿದ್ದುಪಡಿಯಲ್ಲಿ ಅದನ್ನು 20,000 ರೂಪಾಯಿ ಮಾಡಿದರು. ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೂ 2,000 ರೂಪಾಯಿ. ಮೂರು ಟನ್ ಹೆಚ್ಚಾದರೆ ಎಷ್ಟು ಆಗುತ್ತೆ? 26,000. ಒಂದು ದಿನದ ಆಸೆಗೆ ತಿಂಗಳ ದುಡಿಮೆ ಹೋಯಿತು.

"ಹೆಂಗಸರಿಗೆ ಗಾಡಿ ವಿಷಯ ಏನು ಗೊತ್ತು?" ಅಂತ ಯಾರಾದರೂ ಕೇಳಬಹುದು. ಜಗಳ ಬೇಡ. ಆರ್.ಸಿ. ಕಾಗದ ತರಿಸಿ. ಎರಡು ಅಂಕಿ ಓದಿ. ಕಳೆಯಿರಿ. ಉತ್ತರವನ್ನು ಚೀಟಿಯಲ್ಲಿ ಬರೆದು ತೋರಿಸಿ. ಲೆಕ್ಕ ಸರಿ ಬಂದ ಮೇಲೆ ರುಜು ಹಾಕಿ.

ನೆನಪಿಡಿ
• ಯಂತ್ರದ ತೂಕಕ್ಕೆ ಟ್ರೇಲರ್ ತೂಕವನ್ನೂ ಕೂಡಿಸಿ.
• ಬ್ರೇಕ್ ಇಲ್ಲದ ಟ್ರೇಲರ್ ಅಗ್ಗವಾಗಿ ಸಿಕ್ಕರೂ ಬೇಡ.
• ಕೊಕ್ಕೆ, ಸರಪಳಿ, ದೀಪ ಮೂರನ್ನೂ ನೋಡಿ.
• ಓದದೆ ಜಾಮೀನಿಗೆ ರುಜು ಹಾಕಬೇಡಿ.

ಲೆಕ್ಕ ಮಾಡಿ, ಚರ್ಚಿಸಿ
1. ಟ್ರೇಲರ್ ಮೇಲೆ 4000 ಮತ್ತು 12000 ಅಂತ ಬರೆದಿದೆ. ಅದು ಎಷ್ಟು ಟನ್ ಹೊರಬಹುದು?
2. ನಿಮ್ಮ ಬೀದಿಗೆ ಬರುವ ಲಾರಿಯ ಮೇಲೆ ಯಾವ ಅಂಕಿಗಳು ಇವೆ? ಬರೆದು ತನ್ನಿ.
3. ಜಾಮೀನು ಹಾಕುವ ಮುಂಚೆ ಏನೇನು ಕೇಳಬೇಕು?